ಎಷ್ಟು ಚಾರ್ಜ್ ಉಳಿದೈತಿ?

"ರೀ, ಸ್ವಲ್ಪ ನೋಡ್ರಿ! ಇನ್ನಾ ಎಷ್ಟು ಚಾರ್ಜ್ ಉಳಿದೈತಿ?"

ಆ ದನಿಗೆ ಬೆಚ್ಚಿ ಕ್ರಾಂತಿಯ ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೇ ಬಿತ್ತು. ಅಯ್ಯೋ! ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಎದುರಿಗೆ ಪೋಸ್ಟ್‌ಮ್ಯಾನ್ ಮಾರೇಶ್ ತನ್ನ ಕರೆಂಟ್ ಸೈಕಲ್ ಹಿಡಿದು ನಿಂತಿದ್ದ. 2008ರಲ್ಲಿ ಇಡೀ ಕಾನಹೊಸಹಳ್ಳಿಗೆ ಅದೊಂದೇ ಅಂಥ ಸೈಕಲ್ಲು! ಹೋದ ವಾರವಷ್ಟೇ ಅವನ ಅಣ್ಣ ಅದಕ್ಕೆ ಇವಳ ಬ್ಯಾಟರಿ ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋಗಿದ್ದ.

"ಹ್ಯಾಂಡಲ್ ಮ್ಯಾಲೆ ಮೂರು ದೀಪ ಅದಾವಲ್ರಿ? ಹಸಿರಿದ್ರ ಓಡಸ್ರಿ, ಕೆಂಪಾದ್ರ ಚಾರ್ಜಿಗೆ ಹಾಕ್ರಿ!"

"ದೀಪಾನ ಹತ್ತವಲ್ವು..."

ಕ್ರಾಂತಿ ಮೀಟರ್ ಹಚ್ಚಿ ನೋಡಿದಳು. ಮುಕ್ಕಾಲು ಪಾಲು ಇತ್ತು. "ಬಿಟ್ಟು ಹೋಗ್ರಿ, ದೀಪದ ವೈರು ನೋಡ್ತೀನಿ" ಅಂದರೆ, "ಟಪಾಲು ತಡ ಆಗತೈತ್ರಿ" ಅಂತ ಅವನು ಓಡಿದ.

ಮರುದಿನ ಮತ್ತೆ ಬಂದ. ಅದರ ಮರುದಿನವೂ ಬಂದ! ಹತ್ತು ಗಂಟೆ ಆಗುವುದೇ ತಡ, ಅದೇ ಪ್ರಶ್ನೆ, ಅದೇ ನಗು.

ಬೆನ್ನುನೋವಿನ ಅಪ್ಪ ಮನೆ ಹಿಡಿದ ಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳೇ. ಒಂಬತ್ತೂವರೆಗೇ ಕನ್ನಡಿ ನೋಡುವ ಚಟ ಅಂಟಿದ್ದು ಅವಳಿಗೇ ಗೊತ್ತಾಗಲಿಲ್ಲ ನೋಡಿ! 'ಛೇ, ನನಗೇನಾಗೈತಿ...' ಅಂದುಕೊಳ್ಳುತ್ತಿದ್ದಳು, ಆದರೂ ನೋಡುತ್ತಿದ್ದಳು.

ಹೀಗೇ ಇದ್ದಾಗ ಒಂದು ದಿನ ಮೈಕ್‌ಸೆಟ್ಟಿನ ಓಬಳೇಶಪ್ಪ ಬಂದ.

"ನಾಲ್ಕು ಬ್ಯಾಟರಿ ಹೇಳಿದ್ನಲ್ಲವ್ವಾ, ಬ್ಯಾಡ ಬಿಡು. ನೀನು ಕೊಟ್ಟ ಬ್ಯಾಟರೀನ ಪೋಸ್ಟ್‌ಮ್ಯಾನ್ ದಿನಾ ನಿನಗ ತೋರಸಾಕ ಬರ್ತಾನಂತ. ಬ್ಯಾಟರಿ ಸರಿ ಇಲ್ಲಂತ ಊರೆಲ್ಲಾ ಅದೇ ಮಾತು!"

ಹೆಣ್ಣುಮಗಳ ಕೈಗೆ ಕೆಲಸ ಕೊಡಲು ಜನ ಮೊದಲೇ ಹಿಂದೆಮುಂದೆ ನೋಡುತ್ತಿದ್ದರು. ಎರಡು ವರ್ಷ ಒದ್ದಾಡಿ ಗಳಿಸಿದ ಹೆಸರು ಹೀಗೆ ಮಣ್ಣುಪಾಲಾಗಬೇಕೇ?

ಹತ್ತಕ್ಕೆ ಮಾರೇಶ್ ಬಂದ. ಅವಳು ಸ್ಕ್ರೂಡ್ರೈವರ್ ತಗೊಂಡು ದೀಪದ ಡಬ್ಬಿ ಬಿಚ್ಚಿದಳು. ವೈರು ಕಡಿದಿರಲಿಲ್ಲ... ಯಾರೋ ಬಿಚ್ಚಿ, ತುದಿಗೆ ನೀಟಾಗಿ ಟೇಪು ಸುತ್ತಿದ್ದರು!

"ನೀವಾ ಬಿಚ್ಚಿದ್ರಾ?"

ಅವನು ತಲೆ ತಗ್ಗಿಸಿದ. "ಹೌದ್ರಿ..."

"ನನ್ನ ಅನ್ನಕ್ಕ ಕಲ್ಲು ಹಾಕಾಕ ನಾ ನಿಮಗೇನು ಮಾಡಿದ್ನೆಪ್ಪಾ? ಹೋಗ್ರಿ! ಇನ್ನ ಈ ಕಡೆ ಬರಬ್ಯಾಡ್ರಿ!"

ವೈರು ಜೋಡಿಸಿ, ಸೈಕಲ್ಲನ್ನು ರಸ್ತೆಗೆ ದಬ್ಬಿ ಒಳಹೋದವಳು ತುಂಬಾ ಹೊತ್ತು ಅತ್ತಳು.

ಮೂರು ದಿನ ಅವನು ಬರಲಿಲ್ಲ. ಬೈದು ಕಳಿಸಿದವಳು ತಾನೇ... ಮತ್ತೆ ಹತ್ತು ಗಂಟೆಗೆ ಕಣ್ಣು ರಸ್ತೆಗೇಕೆ ಹೋಗಬೇಕು?

ನಾಲ್ಕನೇ ದಿನ ಭಾನುವಾರ. ಇಳಿಹೊತ್ತಿಗೆ ಮಾರೇಶ್ ಬೆವರಿನಲ್ಲಿ ತೊಯ್ದು ಸೈಕಲ್ ದಬ್ಬುತ್ತಾ ಬಂದ. ಹಿಂದೆಯೇ ಟಿವಿಎಸ್ ಮೇಲೆ ಓಬಳೇಶಪ್ಪ!

"ಏನ್ ಬ್ಯಾಟರಿ ಕೊಟ್ಟೀಯವ್ವಾ! ಮುಂಜಾನೆಯಿಂದ ನನ್ನ ಗಾಡೀನ ಹಿಂದ ಕರಕೊಂಡು ಊರೂರು ತಿರುಗ್ಯಾನ. ಒಂದು ಚಾರ್ಜಿಗೆ ನೀನು ಹೇಳಿದ್ದು ನಲವತ್ತು ಕಿಲೋಮೀಟರು, ಐವತ್ತೊಂದು ಓಡಿ ನಿಂತೈತಿ! ಹೋದ ಕಡೆಯೆಲ್ಲಾ 'ತಪ್ಪು ಬ್ಯಾಟರೀದಲ್ರಿ, ನಂದು' ಅಂತ ಹೇಳ್ಯಾನ. ನನ್ನ ನಾಲ್ಕೂ ತರಿಸಿಬಿಡು."

ಓಬಳೇಶಪ್ಪ ಹೊರಟುಹೋದ. ಇಬ್ಬರೇ ಉಳಿದರು.

"ವೈರು ಯಾಕ ಬಿಚ್ಚಿದ್ರಿ?" ಅವಳ ದನಿ ಮೆತ್ತಗಾಗಿತ್ತು.

"ದೀಪ ಹತ್ತಿದ್ರ ನಿಮ್ಮನ್ನ ಏನಂತ ಕೇಳಾಕ ಬರ್ಲಿ? ದಿನಾ ನಿಮ್ಮನ್ನ ನೋಡಬೇಕು ಅನಸ್ತಿತ್ತು. ನಿಮ್ಮ ಹೆಸರಿಗೆ ಪೆಟ್ಟು ಬೀಳತೈತಿ ಅಂತ ಹೊಳೀಲಿಲ್ಲ... ಕ್ಷಮಿಸ್ರಿ. ನೀವಂದ್ರ ನನಗ ಜೀವ." ಅವನು ಉಸಿರು ಬಿಟ್ಟ. "ಈಗ ದೀಪ ಸರಿ ಐತಿ. ಇನ್ನ ಬರಾಕ ನೆಪಾನ ಇಲ್ಲ."

ಕ್ರಾಂತಿ ಚಾರ್ಜರ್ ವೈರು ಎಳೆದು ಅವನ ಸೈಕಲ್ಲಿಗೆ ಸಿಕ್ಕಿಸಿದಳು.

"ನೆಪ ಇಲ್ದಾನ ಬರ್ರಿ... ಅಂಗಡಿಗಲ್ಲ, ಮನಿಗೆ. ಅಪ್ಪ ಇರ್ತಾನ. ಬರುವಾಗ ನಿಮ್ಮವ್ವನ್ನೂ ಕರಕೊಂಡು ಬರ್ರಿ."

ಮಾರೇಶನ ಮುಖ ಅರಳಿತು. ಮರುಕ್ಷಣವೇ ಗಾಬರಿಯಾದ.

"ಅವ್ವ ಇರೋದು ಬ್ಯಾರೆ ಊರಾಗ, ಈ ಸೈಕಲ್ ಹತ್ತಂಗಿಲ್ರಿ, ಭಾಳ ಹೆದರ್ತಾಳ!"

"ಬಸ್ಸಿಗೆ ಕರಕೊಂಡ್ ಬಾರೋ ಮಾರಾಯಾ!"