ಗೌಡಗೆರೆ ಜೀಪಿನ ಕಾರ್ಬೊರೇಟರ್

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗೌಡಗೆರೆಯ ಶಂಕರಲಿಂಗಪ್ಪ ಮೇಷ್ಟ್ರು ಶಿರಾದ ಠಾಣೆಗೆ ಬಂದು ದೂರು ಕೊಟ್ಟರು. ಮನೆ ಮುಂದೆ ನಿಲ್ಲಿಸಿದ್ದ ಅವರ ಹಳೇ ಫೋರ್ ವೀಲ್ ಡ್ರೈವ್ ಜೀಪಿನ ಕಾರ್ಬೊರೇಟರನ್ನು ಹಿಂದಿನ ರಾತ್ರಿ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಜೀಪು ಹೋದರೆ ಹುಡುಕಬಹುದು, ಜೀಪಿನ ಹೊಟ್ಟೆಯೊಳಗಿನದನ್ನು ಎಲ್ಲಿ ಹುಡುಕುವುದು ಎಂದು ಠಾಣೆಯವರು ಮುಖ ಮುಖ ನೋಡಿಕೊಂಡರು.

ಸಬ್ ಇನ್ಸ್‌ಪೆಕ್ಟರ್ ಲೋಹಿತಾ ಎಫ್‌ಐಆರ್ ಹಾಕಿಸಿ, ಹೆಡ್ ಕಾನ್ಸ್‌ಟೇಬಲ್ ರೇಣುಕಯ್ಯನವರ ಜೊತೆ ಗೌಡಗೆರೆಗೆ ಹೊರಟಳು. ಪಾವಗಡದಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಕೆಲಸವಿದ್ದರೆ ಸಾಕು, ಎಂಥದಾದರೂ ಸರಿ ಅನ್ನಿಸುವಷ್ಟು ಬೇಸರ ಅವಳಿಗೆ.

ನೆರೆಮನೆಯ ಇಬ್ಬರು ಪಂಚರಾಗಿ ನಿಂತರು. ಬಾನೆಟ್ ಎತ್ತಿದರೆ ಬ್ಯಾಟರಿ ಇದ್ದಲ್ಲೇ ಇತ್ತು. ಸ್ಟೆಪ್ನಿಯನ್ನೂ ಮುಟ್ಟಿರಲಿಲ್ಲ. ಕಾರ್ಬೊರೇಟರ್ ಕೂತಿದ್ದ ತೂತಿಗೆ ಮಾತ್ರ ಒಗೆದ ಬಿಳಿ ಬಟ್ಟೆ ತುರುಕಿತ್ತು.

"ಇದ್ಯಾಕೆ?" ಎಂದಳು ಲೋಹಿತಾ.

"ಎಂಜಿನ್ ಒಳಕ್ಕೆ ಧೂಳು ಬೀಳ್ದಿರ್ಲಿ ಅಂತ ಮೇಡಂ," ಎಂದರು ರೇಣುಕಯ್ಯ. "ಭಾರೀ ಮರ್ಯಾದಸ್ತ ಕಳ್ಳ."

ಪಂಚನಾಮೆಯಲ್ಲಿ ಬಟ್ಟೆಯನ್ನೂ ಬರೆಸಿದಳು. ಮಧ್ಯಾಹ್ನವೆಲ್ಲ ಶಿರಾದ ಗುಜರಿ ಅಂಗಡಿಗಳನ್ನು ಜಾಲಾಡಿದರು. ಸಿಕ್ಕಿದ್ದು ಮೈತುಂಬ ಧೂಳು ಅಷ್ಟೇ. ಎಂಜಿನ್ ಮೇಲೆ ಅಷ್ಟು ಕಾಳಜಿ ಇರುವವನು ಗುಜರಿ ಕಳ್ಳನಾಗಿರಲಾರ ಅನ್ನಿಸಿ, ಮಂಗಳವಾರ ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು.

"ಗಾಡಿ ರೆಡಿ ಮಾಡಿದ್ದು ಯಾರು?"

"ಶಿರಾದ ಭೀಮರಾಜು. ಒಂದು ವರ್ಷ ಹಿಡೀತು ಮೇಡಂ. ಪ್ರತಿ ಭಾನುವಾರ ನಾನೂ ಹೋಗಿ ಅವನ ಜೊತೆ ಕೂತಿರ್ತಿದ್ದೆ."

"ಈಗ?"

"ಗಾಡಿ ಆಯ್ತಲ್ಲ. ಇನ್ನೇನು ಕೆಲಸ ಅಲ್ಲಿ?"

"ಕಳುವಾಗಿದ್ದು ಅವನಿಗೆ ಹೇಳಿದ್ರಾ?"

"ಇಲ್ಲ. ಪಾಪ, ಸುಮ್ನೆ ಯಾಕೆ ತೊಂದರೆ ಕೊಡೋದು ಅಂತ."

ಮಧುಗಿರಿ ರಸ್ತೆಯಲ್ಲಿ, ಊರು ಮುಗಿದ ಮೇಲೆ ಭೀಮರಾಜುವಿನ ತಗಡಿನ ಶೆಡ್ಡು. ಐ.ಡಿ.ಹಳ್ಳಿಯಿಂದ ಬಂದವನು, ಮದುವೆಯಿಲ್ಲ, ಶೆಡ್ಡೇ ಮನೆ. ಹೊಸ ಗಾಡಿಗಳೆಲ್ಲ ಶೋರೂಮಿಗೆ ಹೋಗುತ್ತವೆ. ಇವನ ಪಾಲಿಗೆ ಅಪರೂಪಕ್ಕೊಂದು ಹಳೇ ಜೀಪು. ಒಳಗೆ ಎರಡು ಸ್ಟೂಲು. ಒಂದಕ್ಕೆ ಗ್ರೀಸ್ ಮೆತ್ತಿತ್ತು, ಇನ್ನೊಂದರ ಮೇಲೆ ಒಗೆದ ಬಿಳಿ ಬಟ್ಟೆ ಮಡಿಸಿ ಹಾಸಿತ್ತು. ಲೋಹಿತಾ ಅದರ ಮೇಲೆ ಕೂರಲು ಹೋದಳು.

"ಅದು ಮೇಷ್ಟ್ರು ಕೂರೋದು," ಎಂದುಬಿಟ್ಟ ಅವನು.

ಲೋಹಿತಾ ಕೂರಲಿಲ್ಲ. "ಕಾರ್ಬೊರೇಟರ್ ಎಲ್ಲಿ?"

ಅವನು ತಕರಾರು ಮಾಡದೆ ಬೀರುವಿನಿಂದ ಒಂದು ಗಂಟು ತಂದು ಬಿಚ್ಚಿದ. ಕಾರ್ಬೊರೇಟರನ್ನು ತೊಳೆದು ಫಳಫಳ ಅನ್ನಿಸಿಟ್ಟಿದ್ದ.

"ಯಾಕೆ ಬಿಚ್ಚಿದ್ರಿ?"

"ಗಾಡಿ ನಿಂತೋದ್ರೆ ನಂಗೇ ಫೋನ್ ಮಾಡ್ತಾರೆ ಅಂದ್ಕಂಡೆ. ನಿನ್ನೆಯಿಂದ ಶೆಡ್ಡು ಬುಟ್ಟು ಕದಲಿಲ್ಲ ಮೇಡಂ." ಅವನು ನೆಲ ನೋಡಿದ. "ಪವರ್ ಸ್ಟೀರಿಂಗ್ ಕೂರ್ಸಿದ್ವಿ, ಡಿಸ್ಕ್ ಬ್ರೇಕ್ ಹಾಕಿದ್ವಿ, ಇಬ್ರೂ ಮಾತಾಡ್ಕಂಡು. ಏನೂ ಕೆಡದಂಗೆ ಆಗೋಯ್ತು ಗಾಡಿ. ನಾನೇ ಚೆನ್ನಾಗಿ ಮಾಡ್ಬುಟ್ಟೆ."

ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಠಾಣೆಯಲ್ಲಿ ರೇಣುಕಯ್ಯ ಕಾಗದ ಮುಂದಿಟ್ಟುಕೊಂಡು ವಾಡಿಕೆಯ ಪ್ರಶ್ನೆ ಕೇಳಿದರು.

"ಅರೆಸ್ಟ್ ಆಗಿರೋದು ನಿಮ್ಮ ಕಡೆಯೋರು ಯಾರಿಗಾದ್ರೂ ತಿಳಿಸ್ಬೇಕು. ಯಾರಿಗೆ ತಿಳಿಸಾನ?"

"ಶಂಕರಲಿಂಗಪ್ಪ ಮೇಷ್ಟ್ರಿಗೆ," ಎಂದ ಭೀಮರಾಜು.

"ಅವ್ರೇ ಕಣಯ್ಯಾ ಫಿರ್ಯಾದಿ!"

"ಗೊತ್ತು ಸಾ. ಇನ್ಯಾರವ್ರೆ? ನಂಬರ್ ಬಾಯಲ್ಲೇ ಐತೆ, ಬರ್ಕಳಿ."

ರೇಣುಕಯ್ಯನವರ ಪೆನ್ನು ಮುಂದಕ್ಕೆ ಹೋಗಲಿಲ್ಲ. ಈ ಊರಲ್ಲಿ ಇದೇ ಪ್ರಶ್ನೆಯನ್ನು ಲೋಹಿತಾಳನ್ನು ಕೇಳಿದ್ದರೆ ಒಂದು ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಕಾಗದವನ್ನು ಎಳೆದುಕೊಂಡು, ಸ್ನೇಹಿತರು ಎಂದಿದ್ದ ಕಡೆ ತಾನೇ ಆ ಹೆಸರು ಬರೆದಳು. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

ಆ ಕಡೆಯಿಂದ ಮೇಷ್ಟ್ರು, "ಊಟ ಮಾಡಿದ್ದಾನಾ ಮೇಡಂ?" ಎಂದರು.

ಭೀಮರಾಜು ಫೋನನ್ನೇ ನೋಡುತ್ತಿದ್ದ. "ಮೇಷ್ಟ್ರು ಏನಂದ್ರು? ಬರ್ತಾರಂತಾ?"