ಎರಡನೇ ಚರಣಕ್ಕೆ ಮುಂಚೆ

"ನಿನ್ನ ಅಜ್ಜಿ ಮುಖ ನೋಡಿದ್ಯಾ? ಹಣ್ಣಾದ ಶಿರಾಜ್ ದ್ರಾಕ್ಷಿ ಥರ ಕಪ್ಪಿಟ್ಟಿತ್ತು," ಎಂದಳು ಲಿಯೋನಿ.

ರೋಲ್ಫ್ ಆರ್ಗನ್ನಿನ ಪೆಡಲ್ ತುಳಿಯುವ ಶೂಗಳ ಲೇಸು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಓಮಾಗೆ ವಯಸ್ಸಾಯ್ತು." ಅಜ್ಜಿಯನ್ನು ಅವನು ಜರ್ಮನ್ ರೂಢಿಯಂತೆ ಕರೆಯುತ್ತಿದ್ದುದು ಹಾಗೆ.

"ವಯಸ್ಸಲ್ಲ ಕಣೋ, ಉಸಿರು ಕಟ್ಟಿತ್ತು. ಮೊದಲ ಚರಣ ಮುಗಿದಾಗ ನೀನು ಕೈ ಎತ್ತಲೇ ಇಲ್ಲ."

ಜರ್ಮನ್ ವಲಸಿಗರು ನೆಲೆಸಿದ ದ್ರಾಕ್ಷಿತೋಟಗಳ ಊರು ತನುಂಡಾ. ಅಂದು ಅಲ್ಲಿಯ ಲೂಥರನ್ ಚರ್ಚಿನಲ್ಲಿ ಆರ್ಗನ್ ನಿಧಿಯ ಪರೀಕ್ಷೆ. ಹೆಂಗಸರು ವರ್ಷವಿಡೀ ಸೌತೆಕಾಯಿ ಉಪ್ಪಿನಕಾಯಿ, ಕೇಕು ಮಾರಿ ಕೂಡಿಸಿದ್ದರಲ್ಲಿ ಪ್ರತಿ ವರ್ಷ ಒಬ್ಬರನ್ನು ಜರ್ಮನಿಗೆ ಕಲಿಯಲು ಕಳಿಸುತ್ತಾರೆ. ಒಬ್ಬರನ್ನೇ. ಈ ಸಲ ಕೊನೆಗೆ ಉಳಿದವರು ಇವರಿಬ್ಬರು. ದೊಡ್ಡ ಕೃತಿಗಳಲ್ಲಿ ಸಮಸಮ. ಕೊನೆಯದು ಕೀರ್ತನೆ, ಸಭೆಯೆಲ್ಲ ಸೇರಿ ಹಾಡುವುದು. ಆರ್ಗನ್ನಿಗೆ ಗಾಳಿ ಮುಗಿಯುವುದಿಲ್ಲ, ಹಾಡುವವರಿಗೆ ಮುಗಿಯುತ್ತದೆ. ಚರಣಗಳ ನಡುವೆ ಕೀಲಿಮಣೆಯಿಂದ ಕೈಯೆತ್ತಿ ಉಸಿರಿಗೆ ಬಿಡುವು ಕೊಡದವನು ಅಲ್ಲಿ ಫೇಲು.

ಒಬ್ಬರು ನುಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನಾದ ಬದಲಿಸುವ ಸ್ಟಾಪ್ ಹಿಡಿಕೆಗಳನ್ನು ಎಳೆಯುವುದು ರೂಢಿ. ಆರ್ಗನ್ ಇದ್ದದ್ದು ಮಹಡಿಯಲ್ಲಿ; ನುಡಿಸುವವರದು ಸಭೆಗೆ ಬೆನ್ನು, ಕಣ್ಣೆದುರಿಗೆ ಒಂದು ಕನ್ನಡಿ. ಪಾದ್ರಿಯನ್ನು ನೋಡಲೆಂದು ಇಟ್ಟ ಆ ಕನ್ನಡಿಯಲ್ಲಿ ರೋಲ್ಫ್ ಮೂರು ವರ್ಷದಿಂದ ಲಿಯೋನಿಯನ್ನೇ ನೋಡುತ್ತಿದ್ದ. ಅವಳಿಗೂ ಗೊತ್ತಿತ್ತು, ಕನ್ನಡಿಯ ಕಡೆಯ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡೇ ನಿಲ್ಲುತ್ತಿದ್ದಳು. ಇವತ್ತು ಅವನು ಒಮ್ಮೆಯೂ ನೋಡಿರಲಿಲ್ಲ. ಅವಳಿಗೆ ಅನುಮಾನ ಬಂದಿದ್ದೇ ಅದರಿಂದ.

"ನೀನು ಬೇಕಂತಲೇ ಸೋತೆ."

"ನೀನು ಹೋಗ್ಬೇಕು ಅಂತ ನಂಗಾಸೆ."

"ಆ ಆಸೆ ನಂಗೇ ಬೇಕಾದಷ್ಟಿದೆ. ನಿಂದೂ ಯಾಕೆ ಸೇರಿಸ್ತೀಯ?"

"ಲಿಯೋನಿ, ನಾನು ನಿನ್ನ..."

"ಅದನ್ನ ಈಗ ಹೇಳ್ಬೇಡ. ಈಗ ಹೇಳಿದ್ರೆ ಬರೀ ನೆಪ ಆಗುತ್ತೆ."

ಅವಳು ದಡದಡ ಮೆಟ್ಟಿಲಿಳಿದಳು. ನಿಧಿಯ ಅಧ್ಯಕ್ಷೆ ಮಿಸೆಸ್ ಜ್ವಾರ್ ಕೇಕು ಕತ್ತರಿಸುತ್ತಿದ್ದರು.

"ರೋಲ್ಫ್ ಇನ್ನೊಂದ್ಸಲ ನುಡಿಸ್ಬೇಕು. ಬೇಕಂತಲೇ ಯಾರನ್ನೂ ಉಸಿರಾಡೋಕೆ ಬಿಡಲಿಲ್ಲ ಅವನು."

"ಗೆದ್ದಾಗಿದೆಯಲ್ಲೇ ಹುಡುಗಿ! ತಲೆ ಕೆಟ್ಟಿದ್ಯಾ?" ಎಂದ ಮಿಸೆಸ್ ಜ್ವಾರ್ ಚಾಕು ಕೆಳಗಿಟ್ಟರು. "ಹುಲ್ಡಾ, ಕೇಳಿದ್ಯಾ? ನಿನ್ನ ಮೊಮ್ಮಗ ನಿನ್ನ ಮುಗಿಸೋಕೆ ನೋಡಿದ್ನಂತೆ."

"ಆಸ್ತಿಗಾಗಿ ಅಲ್ಲ ಬಿಡು, ಹುಡುಗಿಗಾಗಿ," ಎಂದಳು ಅಜ್ಜಿ. "ನಡೀರಿ, ಕೇಕು ಆಮೇಲೆ. ಇಬ್ಬರೂ ಮತ್ತೆ ನುಡಿಸ್ಲಿ."

ಮೇಲೆ ಹತ್ತುವಾಗ ಲಿಯೋನಿ, ಹಿಂದೆಯೇ ಇಳಿದು ಬಂದಿದ್ದ ರೋಲ್ಫ್‌ಗೆ ಹೇಳಿದಳು, "ಈ ಸಲ ಕಳ್ಳಾಟ ಆಡಿದ್ರೆ ನಿನ್ನ ಮುಖ ನೋಡಲ್ಲ."

"ಕನ್ನಡೀಲೂ?"

"ಕನ್ನಡೀಲೂ."

ಅವಳು ಚೆನ್ನಾಗಿ ನುಡಿಸಿದಳು. ಅವನು ನುಡಿಸಿದಾಗ ಹಿಂದಿನ ಸಾಲಿನ ಗಂಡಸರೂ ಬಾಯಿಬಿಟ್ಟು ಹಾಡಿದರು. ರೋಲ್ಫ್ ಗೆದ್ದ.

ಲಿಯೋನಿ ಅವನ ಕೈ ಕುಲುಕಿದಳು. ಹೋಗಿ ಕಾರಿನಲ್ಲಿ ಕೂತು ಅತ್ತಳು. ಮೂಗೊರೆಸಿಕೊಂಡು ಬಂದು ಎರಡು ತುಂಡು ಕೇಕು ತಿಂದಳು.

"ಈಗ ಹೇಳ್ಲಾ?" ಎಂದ ಅವನು.

"ಈಗ ಹೇಳು."

ಹೇಳಿದ.

"ನಂಗೂ ಅಷ್ಟೇ," ಎಂದಳು, ತುಟಿಯ ಸಕ್ಕರೆ ಒರೆಸಿಕೊಳ್ಳುತ್ತ.

"ಕಾಯ್ತೀಯಾ?"

"ಕಾಯೋದೇನು ಬಂತು, ಮುಂದಿನ ವರ್ಷ ಗೆದ್ದು ನಾನೇ ಬರ್ತೀನಿ. ಅಲ್ಲೀತನಕ ಸ್ಟಾಪ್ ನೀನೇ ಎಳ್ಕೋ. ಬೇರೆ ಯಾವಳನ್ನೂ ಪಕ್ಕದಲ್ಲಿ ನಿಲ್ಲಿಸ್ಕೋಬೇಡ."

ಅವನು ಹೊರಡುವ ಹಿಂದಿನ ಭಾನುವಾರ ಆರಾಧನೆಗೆ ಅವಳೇ ನುಡಿಸಿದಳು, ಪಕ್ಕದಲ್ಲಿ ಯಾರೂ ಇಲ್ಲದೆ. ಮೊದಲ ಚರಣ ಮುಗಿಯಿತು. ಕೈಯೆತ್ತಿದಳು. ಕನ್ನಡಿಯಲ್ಲಿ, ಓಮಾ ಪಕ್ಕದಲ್ಲಿ ನಿಂತಿದ್ದ ರೋಲ್ಫ್ ಎಲ್ಲರೊಡನೆ ಉಸಿರೆಳೆದುಕೊಂಡು ಅವಳನ್ನೇ ನೋಡಿದ.

ಲಿಯೋನಿ ಕೈಗಳನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಾಗಿ ಮೇಲೆಯೇ ಹಿಡಿದಿದ್ದಳು. ಇಡೀ ಸಭೆ ಕಾಯಿತು.