ಚಾದ ಹುಳಿ ಕೊಂದ ಕೈ

ದೀಪ ಹಚ್ಚಿದ ಮೇಲೆ ಹಿಟ್ಟು ಹುದುಗಿಸುವ ಹುಳಿಯಾಗಲಿ ಮೊಸರಾಗಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದಾದರೆ ದೃಷ್ಟಿ ತಾಗದಿರಲೆಂದು ಅದರಲ್ಲೊಂದು ಇದ್ದಿಲ ಚೂರು ಹಾಕುವುದು ಆ ಕೇರಿಯ ಶಾಸ್ತ್ರ. ಹಿಂದಿನ ಸಂಜೆ ವಸುಮತಿ ಟೀಚರ್ ಕೊಟ್ಟ ಮೊಸರಿನಿಂದ ಕಮಲ ಆ ಚೂರನ್ನು ಎತ್ತಿ ಎಸೆಯುತ್ತಿದ್ದಾಗ ನೆರೆಯ ರಂಜನಿ ಬಂದು ನಿಂತಳು. ಕೈಯಲ್ಲಿ ಗಾಜಿನ ಭರಣಿ.

"ಕಮಲಕ್ಕ, ನನ್ನ ಹುಳಿಯನ್ನು ಯಾರೋ ಕೊಂದಿದ್ದಾರೆ."

ಕಮಲಳಿಗೆ ಒಳಗೊಳಗೇ ತುಸು ಹಿತವಾಯಿತು. ಆರಿದ ಸಿಹಿ ಚಾದಲ್ಲಿ ಒಣದ್ರಾಕ್ಷಿ ನೆನೆಹಾಕಿ, ಗುಳ್ಳೆ ಎದ್ದ ಮೇಲೆ ಹಿಟ್ಟು ಕಲಸಿ, ಕೂಸಿಗೆ ಉಣಿಸಿದಂತೆ ದಿನವೂ ಹಿಟ್ಟು-ಚಾ ಉಣಿಸಿ ಬೆಳೆಸಿದ ಹುಳಿ ಅದು. ಅದರಿಂದ ರಂಜನಿ ಮಾಡಿದ ಬ್ರೆಡ್ ತಿಂದಂದಿನಿಂದ ಕಮಲಳ ಗಂಡ ಪ್ರೇಮನಾಥ ಅವಳ ನೀರುದೋಸೆಯ ಸುದ್ದಿ ಎತ್ತಿರಲಿಲ್ಲ. ನಾಳೆ ಉಪ್ಪಳದ ಹೆದ್ದಾರಿ ಬದಿಯ ಕಾಫಿ ಅಂಗಡಿಯವರು ರುಚಿ ನೋಡುವವರಿದ್ದರು. ಒಪ್ಪಿದರೆ ರಂಜನಿಗೆ ಸ್ವಂತ ದುಡಿಮೆ.

ಕೇರಿಯ ಕಳವಿನ ದೂರುಗಳೆಲ್ಲ ಬರುವುದು ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ವಸುಮತಿ ಟೀಚರ್ ಬಳಿಗೇ. ಕಮಲ ರಂಜನಿಯನ್ನು ಅಲ್ಲಿಗೆ ಕರೆದೊಯ್ದಳು.

ಟೀಚರ್ ಭರಣಿ ಓರೆಮಾಡಿದರು. ತಳದಲ್ಲಿ ಹಿಟ್ಟು ಬೆಂದು ಅಂಟಿನಂತಾಗಿತ್ತು. ಮೇಲೆ ತೆಳು ಚಾ, ಸರಿಯಾಗಿ ರಬ್ಬರ್ ಬ್ಯಾಂಡಿನ ಮಟ್ಟಕ್ಕೆ.

"ಈ ಬ್ಯಾಂಡ್ ಎಂತಕ್ಕೆ?"

"ಎಷ್ಟು ಉಬ್ಬಿತು ಅಂತ ನೋಡ್ಲಿಕ್ಕೆ ಟೀಚರ್. ನಿನ್ನೆ ಸಂಜೆ ಹಿಟ್ಟು ಹಾಕಿ, ಗಟ್ಟಿ ಕಲಸಿ, ಬ್ಯಾಂಡ್ ಹಾಕಿ ದೀಪ ಹಚ್ಚಲಿಕ್ಕೆ ಹೋದೆ. ಹಿಂದಿನ ಬಾಗಿಲು ತೆರೆದೇ ಇತ್ತು."

ಟೀಚರ್ ತಲೆದೂಗಿದರು. "ಕಮಲ, ನೀನು ಇವಳ ಹಿತ್ತಿಲಿಗೆ ತಾಗಿದ ಪಕ್ಕದ ಮನೆಯ ದೀಕ್ಷಿತಾಳಿಗೆ ಹೇಳು. ರಂಜನಿಯ ಹುಳಿ ಸತ್ತಿದೆ, ನಿನ್ನಲ್ಲಿದ್ದರೆ ತಾ, ಆರ್ಡರ್ ನಿನಗೇ ಸಿಗಬಹುದು ಅಂತ."

ಸಂಜೆಯಾಗುವ ಮೊದಲೇ ಎಲ್ಲರೂ ರಂಜನಿಯ ಅಡುಗೆಮನೆಯಲ್ಲಿ ಸೇರಿದರು. ದೀಕ್ಷಿತಾ ನಗುತ್ತಲೇ ಡಬ್ಬಿ ತಂದಿದ್ದಳು. "ನಾನೂ ಚಾದಿಂದಲೇ ಮಾಡಿದ್ದು. ನನ್ನ ಮನೆಯಲ್ಲೇ, ನನ್ನ ಕೈಯಾರೆ."

ರಂಜನಿಯ ಮಾವ ಬೋಜಣ್ಣ ಮೂಗು ಮುಚ್ಚಿಕೊಂಡರು. "ಒಂದು ಹೋಯ್ತು ಅಂದ್ರೆ ಇನ್ನೊಂದು ಬಂತಾ? ಮನೆ ಹೆಂಡದಂಗಡಿ ಆಯ್ತು ಮಾರಾಯ್ತಿ."

"ನನಗೆ ಮೊದಲು ಬಂದದ್ದು ನಿಮ್ಮ ಮೇಲೆಯೇ ಸಂಶಯ ಬೋಜಣ್ಣ," ಎಂದರು ಟೀಚರ್. "ಆದರೆ ವಾಸನೆ ಆಗದವರು ಭರಣಿಯನ್ನೇ ಚೆಲ್ಲುತ್ತಿದ್ದರು. ಕಮಲಳಿಗೂ ಹೊಟ್ಟೆಕಿಚ್ಚು ಉಂಟು."

ಕಮಲಳ ಕಿವಿ ಬಿಸಿಯಾಯಿತು.

"ಅವಳಿಗೆ ಬ್ರೆಡ್ಡೇ ಬೇಡ, ಹುಳಿ ಯಾಕೆ?" ಟೀಚರ್ ಮುಂದುವರಿಸಿದರು. "ಬಂದವರಿಗೆ ಹುಳಿ ಬೇಕಿತ್ತು. ಗಟ್ಟಿ ಹುಳಿ ತೆಗೆದು, ಮಟ್ಟ ಇಳಿದದ್ದು ಕಾಣಬಾರದೆಂದು ಬ್ಯಾಂಡಿನವರೆಗೆ ಚಾ ಹೊಯ್ದಿದ್ದಾರೆ. ಅದೂ ಕುದಿಯುವ ಚಾ, ಉಳಿದದ್ದು ಸಾಯಲಿ ಎಂದೇ. ತನಗೆ ಬೇಕು, ರಂಜನಿಗೆ ಇರಬಾರದು."

ಟೀಚರ್ ದೀಕ್ಷಿತಾಳ ಡಬ್ಬಿಗೆ ಚಮಚ ಇಳಿಸಿ ತಳ ಕೆದಕಿದರು. ಗುಳ್ಳೆಗಳ ನಡುವಿನಿಂದ ಕಪ್ಪು ಚೂರೊಂದು ಮೇಲೆ ಬಂತು. ಇದ್ದಿಲು.

"ಸ್ವಂತ ಮನೆಯ ಹುಳಿಗೆ ಯಾರಮ್ಮ ಇದ್ದಿಲು ಹಾಕ್ತಾರೆ? ದೀಪ ಹಚ್ಚಿದ ಮೇಲೆ ಬೇರೆ ಮನೆಯಿಂದ ಬಂದದ್ದಕ್ಕೆ ಮಾತ್ರ. ಕದಿಯಲಿಕ್ಕೆ ನೀನು ಹೆದರಲಿಲ್ಲ, ಶಾಸ್ತ್ರಕ್ಕೆ ಹೆದರಿದೆ."

ದೀಕ್ಷಿತಾ ಡಬ್ಬಿಯ ಮುಚ್ಚಳ ಕೆಳಗಿಟ್ಟಳು. "ಒಂದು ಚಮಚ ಕೇಳಿದ್ದೆ, ಕೊಡಲಿಲ್ಲ. ನನ್ನ ಗಂಡ ಯತಿನ್ ದುಬೈಯಿಂದ ಫೋನ್ ಮಾಡಿದರೂ ಇವಳ ಬ್ರೆಡ್ಡಿನದ್ದೇ ಮಾತು. ನಾನು ಊಟ ಮಾಡಿದೆನಾ ಅಂತ ಕೇಳುವುದಿಲ್ಲ."

ರಂಜನಿ ಡಬ್ಬಿಯನ್ನು ತನ್ನೆಡೆಗೆ ಎಳೆದುಕೊಂಡಳು. ಇದ್ದಿಲ ಚೂರನ್ನು ತೊಳೆದು ದೀಕ್ಷಿತಾಳ ಅಂಗೈಯಲ್ಲಿಟ್ಟಳು.

"ಇದೊಂದೇ ನಿನ್ನದು," ಎಂದು ಹೇಳಿ ಹಿಟ್ಟು ಕಲಸಲು ಕುಳಿತಳು.

ಮರುದಿನ ಕಾಫಿ ಅಂಗಡಿಯವರು ಬ್ರೆಡ್ ಒಪ್ಪಿದರು. ಸುದ್ದಿ ಕೇಳಿದ ಪ್ರೇಮನಾಥ, "ನಮಗೂ ಒಂದು ತರಬಹುದಿತ್ತು," ಎಂದ.

ಕಮಲ ಕಾದ ಕಾವಲಿಗೆ ಹಿಟ್ಟು ಹೊಯ್ದಳು. "ಇವತ್ತು ನೀರುದೋಸೆ," ಎಂದಳು.